ಪಕ್ಕದಲ್ಲಿ ಅಷ್ಟೊಂದು ಜಾಗ ಇತ್ತಲ್ಲ!

ಒಂದು ದೊಡ್ಡ ಮೈದಾನ. ಅಲ್ಲಲ್ಲಿ ಹತ್ತೋ ಹನ್ನೆರಡೋ ಬೇಲಿ. ಒಂದೊಂದೂ ಹೆಚ್ಚೆಂದರೆ ನಾಲ್ಕು ಮೀಟರ್ ಉದ್ದದ ಕೋಲುಗಳನ್ನು ಅಡ್ಡ ಇಟ್ಟು ಮಾಡಿದ್ದು. ಎಡಕ್ಕೆ ಬಯಲು, ಬಲಕ್ಕೂ ಬಯಲು. ಇಂಥ ಜಾಗದಲ್ಲಿ ಬುದ್ಧಿ ನೆಟ್ಟಗಿರುವ ಪ್ರಾಣಿ ಏನು ಮಾಡುತ್ತದೆ? ಪಕ್ಕದಿಂದ ಸುತ್ತಿಕೊಂಡು ಹೋಗುತ್ತದೆ. ಎಮ್ಮೆ ಅದನ್ನೇ ಮಾಡುತ್ತದೆ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಕುದುರೆ ಮಾಡಿದರೆ ಮಾತ್ರ ನಾಲ್ಕು ಫಾಲ್ಟ್, ಅಂದರೆ ನಾಲ್ಕು ತಪ್ಪಂಕ. ಇನ್ನೊಂದು ಸಲ ಮಾಡಿದರೆ ಬೆಲ್ ಹೊಡೆದು ಮನೆಗೆ ಕಳಿಸುತ್ತಾರೆ. ಈ ಆಟಕ್ಕೆ ಷೋ ಜಂಪಿಂಗ್ ಅಂತ ಹೆಸರು.

ಆಟ ಮನುಷ್ಯರದು, ಹಾರಾಟ ನಮ್ಮದು. ನಿಯಮದ ಪುಸ್ತಕ ಬರೆಯುವ ಮೊದಲು ಅವರು ಒಂದು ಕುದುರೆಯನ್ನಾದರೂ ಕೇಳಬೇಕಿತ್ತು. ಪುಸ್ತಕ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಕೋಲು ತೆಗೀರಿ, ಹುಲ್ಲು ಹಾಕಿ.

ನಾನು ಹುಟ್ಟಿದ್ದು ಕುಣಿಗಲ್ಲಿನಲ್ಲಿ. ಟಿಪ್ಪು ಸುಲ್ತಾನರ ಕಾಲದಿಂದ ಕುದುರೆ ಸಾಕಿಕೊಂಡು ಬಂದ ಊರು. ಅಲ್ಲಿಂದ ಬೆಂಗಳೂರಿನ ರೇಸಿಗೆ ಬಂದೆ. ಕಾಗದದಲ್ಲಿ ನನಗೆ ಗುಡುಗು, ಮಿಂಚು ಎಲ್ಲ ಸೇರಿದ ಇಂಗ್ಲಿಷ್ ಹೆಸರು. ಕೊನೆಯಿಂದ ಎಣಿಸಿದರೆ ನಾನು ಚೆನ್ನಾಗಿಯೇ ಓಡುತ್ತಿದ್ದೆ. ನನ್ನ ಮೇಲೆ ದುಡ್ಡು ಕಟ್ಟಿದವರು ಈಗಲೂ ನನ್ನನ್ನು ನೆನೆಸಿಕೊಳ್ಳುತ್ತಾರಂತೆ. ಯಾವ ಮಾತಿನಲ್ಲಿ ಅಂತ ಕೇಳಬೇಡಿ. ಆಮೇಲೆ ಊರಾಚೆಯ ಒಂದು ರೈಡಿಂಗ್ ಶಾಲೆಗೆ ಬಂದೆ. ಇಲ್ಲಿ ನನ್ನ ಹೆಸರು ಗುಂಡ. ಎತ್ತರ ಹದಿನಾರು ಹ್ಯಾಂಡ್, ಅಂದರೆ ನೆಲದಿಂದ ಹೆಗಲಿಗೆ ಐದು ಅಡಿ ನಾಲ್ಕು ಇಂಚು. ತೂಕ ಐನೂರು ಕಿಲೋದ ಹತ್ತಿರ ಹತ್ತಿರ. ನನ್ನ ಮೇಲೆ ಕೂರುವ ಹುಡುಗಿ ಒಂಬತ್ತನೇ ಕ್ಲಾಸು. ನನ್ನ ಒಂದು ಹೊತ್ತಿನ ಮೇವಿನ ಬುಟ್ಟಿ ಎತ್ತಿದರೂ ಅವಳಿಗೆ ಏದುಸಿರು. ಆದರೂ ಯಾವ ಕಡೆ ತಿರುಗಬೇಕು, ಎಷ್ಟು ಜೋರಾಗಿ ಹೋಗಬೇಕು ಅನ್ನುವುದೆಲ್ಲ ಅವಳದೇ ತೀರ್ಮಾನವಂತೆ. ಹಾಗಂತ ಅವಳು ತಿಳಿದುಕೊಂಡಿದ್ದಾಳೆ.

ನಮಗೆ ಪಾಠ ಹೇಳುವವರು ಸೈನ್ಯದ ಕುದುರೆ ದಳದಿಂದ ನಿವೃತ್ತರಾದ ರಿಸಾಲ್ದಾರ್ ಸಾಹೇಬರು. ಮೀಸೆ, ಟೋಪಿ, ಬೆನ್ನು ಮೂರೂ ಯಾವಾಗಲೂ ನೆಟ್ಟಗೆ. ಅವರ ಬಾಯಲ್ಲಿ ದಿನಾ ಬೆಳಿಗ್ಗೆ ಒಂದು ಹೆಸರು ಬರುತ್ತದೆ: ಹುವಾಸೊ. ಚಿಲಿ ದೇಶದ ಕುದುರೆ. 1949ರ ಫೆಬ್ರವರಿ 5ರಂದು ವಿನ್ಯಾ ಡೆಲ್ ಮಾರ್ ಅನ್ನುವ ಊರಿನಲ್ಲಿ, ಕ್ಯಾಪ್ಟನ್ ಆಲ್ಬರ್ಟೊ ಲಾರಗಿಬೆಲ್ ಅವರನ್ನು ಬೆನ್ನ ಮೇಲೆ ಕೂರಿಸಿಕೊಂಡು 2.47 ಮೀಟರ್ ಹಾರಿತು. ಆ ದಾಖಲೆ ಇವತ್ತಿಗೂ ಹಾಗೇ ನಿಂತಿದೆ. ಅದೂ ನನ್ನ ಹಾಗೆ ಥರೋಬ್ರೆಡ್ ಅನ್ನುವ ರೇಸಿನ ತಳಿಯದೇ, ಅದೂ ರೇಸಿನಲ್ಲಿ ಏಳಿಗೆಯಾಗದೆ ಬಂದದ್ದೇ. "ನೋಡೋ ಗುಂಡ, ಅವನೂ ನಿನ್ನ ಹಾಗೇ ರೇಸ್ ಬಿಟ್ಟು ಬಂದವನು. ಎಲ್ಲಿ ಮುಟ್ಟಿದ ನೋಡು" ಅನ್ನುತ್ತಾರೆ. ಪಕ್ಕದ ಮನೆ ಹುಡುಗನಿಗೆ ಸಿಇಟಿಯಲ್ಲಿ ರ‍್ಯಾಂಕ್ ಬಂದಾಗ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ, ಅದೇ ನಮ್ಮ ಲಾಯದಲ್ಲಿ ದಿನಾ ನಡೆಯುತ್ತದೆ. ನನ್ನದು ಒಂದು ಮೀಟರ್ ಬೇಲಿಯ ಕ್ಲಾಸು. ನಾನು ಅದರಲ್ಲೇ ಸುಖವಾಗಿದ್ದೇನೆ.

ನನಗೆ ಅರ್ಥವಾಗದ ಸಂಗತಿ ಬೇರೆ ಇದೆ. ಮನುಷ್ಯರ ಹೈಜಂಪ್ ದಾಖಲೆ 2.45 ಮೀಟರ್. ಕ್ಯೂಬಾದ ಹಾವಿಯೆರ್ ಸೊಟೊಮೇಯರ್, 1993. ನಮಗೂ ಅವರಿಗೂ ಎರಡೇ ಸೆಂಟಿಮೀಟರ್ ವ್ಯತ್ಯಾಸ. ಉದ್ದಕ್ಕೆ ಹಾರುವುದರಲ್ಲಂತೂ ಅವರೇ ಮುಂದೆ. 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕುದುರೆಗಳಿಗೂ ಲಾಂಗ್‌ಜಂಪ್ ಇಟ್ಟಿದ್ದರು. ಗೆದ್ದ ಕುದುರೆ ಹಾರಿದ್ದು 6.10 ಮೀಟರ್. ಅದೇ ಒಲಿಂಪಿಕ್ಸಿನಲ್ಲಿ ಎರಡು ಕಾಲಿನ ಒಬ್ಬ ಮನುಷ್ಯ 7.185 ಮೀಟರ್ ಹಾರಿ ಚಿನ್ನ ತೆಗೆದುಕೊಂಡು ಹೋದ. ಅದಾದ ಮೇಲೆ ಕುದುರೆಗಳ ಲಾಂಗ್‌ಜಂಪನ್ನು ಒಲಿಂಪಿಕ್ಸಿನಲ್ಲಿ ಇಡಲೇ ಇಲ್ಲ. ಅಂದರೆ ಇವರಿಗೆ ಹಾರುವುದು ಚೆನ್ನಾಗಿ ಗೊತ್ತು. ಮತ್ತೆ ಬೆನ್ನ ಮೇಲೆ ಜೀನು ಹಾಕಿ ನಮ್ಮನ್ನು ಯಾಕೆ ಕರೆದುಕೊಂಡು ಹೋಗುತ್ತಾರೆ?

ಸ್ಪರ್ಧೆಯ ದಿನ ನಾಲ್ಕು ಗಂಟೆಗೇ ಲಾಯದ ಲೈಟ್ ಹಾಕಿದರು. ಡಿಸೆಂಬರಿನ ಚಳಿ. ನನ್ನನ್ನು ನೋಡಿಕೊಳ್ಳುವ ಆಳು, ಅಂದರೆ ನನ್ನ ಸೈಸ್, ಮಂಕಿ ಕ್ಯಾಪ್ ಹಾಕಿಕೊಂಡು, ಬಾಚಣಿಗೆ, ರಬ್ಬರ್ ಬ್ಯಾಂಡ್, ಒಂದು ಬಕೆಟ್ ನೀರು ಇಟ್ಟುಕೊಂಡು ಸ್ಟೂಲ್ ಹತ್ತಿ ನಿಂತ. ಜೂಲನ್ನು ಸಣ್ಣ ಸಣ್ಣ ಜಡೆ ಹೆಣೆದು, ಸುತ್ತಿ ಗಂಟು ಹಾಕಬೇಕು. ಯಾಕೆ ಅಂತ ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಜಡೆ ಹಾಕಿದರೆ ಒಂದು ಇಂಚು ಜಾಸ್ತಿ ಹಾರುತ್ತೇನಾ? "ಅಲ್ಲಾಡಬೇಡ್ವೋ ನನ್ನಪ್ಪಾ" ಅಂತ ಅವನು ಬಾಯಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿಕೊಂಡೇ ಬೇಡಿಕೊಂಡ. ಎಲ್ಲ ಮುಗಿದು ಅವನು ಬೀಡಿ ಹಚ್ಚಲು ಹೊರಗೆ ಹೋದ. ನನಗೆ ಕತ್ತು ತುರಿಸಿತು. ಬಾಗಿಲಿನ ಕಂಬಕ್ಕೆ ಉಜ್ಜಿದೆ. ಅಷ್ಟೇ. ಅವನು ವಾಪಸ್ ಬಂದು ನೋಡಿ ಉರ್ದು, ಕನ್ನಡ, ತೆಲುಗು ಮೂರರಲ್ಲೂ ನನ್ನ ವಂಶವನ್ನು ನೆನೆದ. ಆಮೇಲೆ ಮತ್ತೆ ಸ್ಟೂಲ್ ಹತ್ತಿದ.

ಅವನನ್ನು ನಾನು ಬಿಟ್ಟುಕೊಡುವವನಲ್ಲ. ನನಗೆ ಜ್ವರ ಬಂದರೆ ಲಾಯದ ಮುಂದೆ ಗೋಣಿ ಹಾಸಿಕೊಂಡು ಮಲಗುತ್ತಾನೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಗೆ ಹೋದದ್ದು ಮುಂದೆಯೇ ಹೋಗಬೇಕು. ಅದಕ್ಕೇ ನಮಗೆ ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ನನ್ನ ಬಾಯಿಗೆ ಏನು ಹೋಗುತ್ತದೆ ಅನ್ನುವುದರ ಮೇಲೆ ಅವನು ಸದಾ ಒಂದು ಕಣ್ಣಿಟ್ಟಿರುತ್ತಾನೆ. ಕುದುರೆ ಮೆಂತೆ ಸೊಪ್ಪಿನಲ್ಲಿ ಒಂದು ಎಲೆ ಹಳದಿಯಾಗಿದ್ದರೂ ಆರಿಸಿ ಬಿಸಾಕುತ್ತಾನೆ. ತಾನು ಮಾತ್ರ ನಿನ್ನೆಯ ಚಿತ್ರಾನ್ನ ತಿನ್ನುತ್ತಾನೆ.

ಲಾರಿಯಲ್ಲಿ ಹೊರಟೆವು. ಅವತ್ತಿನ ಮೊದಲ ಹಾರಾಟ ಮಾಡಿದ್ದು ಲಾರಿಯೇ. ಅಲ್ಲೊಂದು ಹಂಪ್ ಇತ್ತು ಅಂತ ಡ್ರೈವರಿಗೆ ಗೊತ್ತಾಗಿದ್ದು ಹಂಪ್ ದಾಟಿದ ಮೇಲೆ. ಹಿಂದೆ ನಾವು ನಾಲ್ಕು ಕುದುರೆಗಳು, ಹದಿನಾರು ಕಾಲು, ಒಂದೇ ಸಲ ನೆಲ ಬಿಟ್ಟೆವು. ಲಾರಿಗೆ ಯಾರೂ ಫಾಲ್ಟ್ ಕೊಡಲಿಲ್ಲ.

ಮೈದಾನ ತಲುಪಿದಾಗ ಧ್ವನಿವರ್ಧಕ ಆಗಲೇ ಕೊಂಯ್ ಅನ್ನುತ್ತಿತ್ತು. ಬೇಲಿಗಳ ಪಕ್ಕ ಸೇವಂತಿಗೆ ಕುಂಡ ಇಟ್ಟಿದ್ದರು. ನೋಡಿ ಖುಷಿಯಾಯಿತು, ಆದರೆ ಬಾಯಲ್ಲಿ ಕಡಿವಾಣ. ಹುಡುಗಿಯ ಮನೆಯವರೆಲ್ಲ ಬಂದಿದ್ದರು. ಅಪ್ಪ ಕ್ಯಾಮೆರಾ ಹಿಡಿದಿದ್ದರು. ಅಮ್ಮ ಕೈಯಲ್ಲಿ ಹಣ್ಣುಕಾಯಿ ಪ್ರಸಾದದ ಪೊಟ್ಟಣ ಹಿಡಿದು, "ಇವಳನ್ನ ಸುಮ್ನೆ ಭರತನಾಟ್ಯಕ್ಕೆ ಹಾಕಿದ್ರೆ ಆಗಿತ್ತು" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಯುಕೆಜಿ ಓದುವ ತಮ್ಮ ನನ್ನ ಹತ್ತಿರ ಬಂದು, ಜೇಬಿನಿಂದ ಅರ್ಧ ಕರಗಿದ ಚಾಕೊಲೇಟ್ ತೆಗೆದು ಅಂಗೈಯಲ್ಲಿಟ್ಟು ಚಾಚಿದ. ಒಳ್ಳೆಯ ಸಂಸ್ಕಾರದ ಹುಡುಗ. ನಾನು ತುಟಿ ಮುಂದೆ ಮಾಡಿದೆ. ಅಷ್ಟರಲ್ಲಿ ಆಚೆ ಬದಿಯಲ್ಲಿದ್ದ ನನ್ನ ಸೈಸ್ ಒಂದು ಬಕೆಟ್, ಒಂದು ಹುಲ್ಲಿನ ಮೂಟೆ, ಒಂದು ಕುರ್ಚಿ ಮೂರನ್ನೂ ಒಂದೇ ನೆಗೆತಕ್ಕೆ ದಾಟಿ ಬಂದು ಚಾಕೊಲೇಟ್ ಕಿತ್ತುಕೊಂಡ. ಚಾಕೊಲೇಟಿನಲ್ಲಿ ಥಿಯೋಬ್ರೊಮಿನ್ ಅಂತ ಒಂದು ವಸ್ತು ಇರುತ್ತದೆ. ಅದು ಕುದುರೆಯ ರಕ್ತದಲ್ಲಿ ಸಿಕ್ಕರೆ ಡೋಪಿಂಗ್ ಕೇಸು. ಕಾಫಿ, ಟೀಯಲ್ಲಿರುವ ಕೆಫೀನಿಗೂ ಅದೇ ಗತಿ. ಅಲ್ಲಿದ್ದ ಮನುಷ್ಯರೆಲ್ಲ ಬೆಳಿಗ್ಗೆಯಿಂದ ಮೂರನೇ ಕಾಫಿಯಲ್ಲಿದ್ದರು, ಅವರ ರಕ್ತ ಯಾರೂ ಕೇಳಲಿಲ್ಲ. ಅದಿರಲಿ, ಅವತ್ತು ಆ ಮೈದಾನದಲ್ಲಿ ನಾನು ಕಂಡ ಅತ್ಯುತ್ತಮ ಹಾರಾಟ ಸೈಸ್‌ನದು. ಒಂದು ಕೋಲೂ ಬೀಳಲಿಲ್ಲ.

ಆಮೇಲೆ ಕೋರ್ಸ್ ವಾಕ್. ಸ್ಪರ್ಧೆ ಶುರುವಾಗುವ ಮೊದಲು ಸವಾರರು ಮೈದಾನದೊಳಗೆ ಹೋಗಿ ಬೇಲಿಯಿಂದ ಬೇಲಿಗೆ ನಡೆದು ಅಳೆಯುತ್ತಾರೆ. ಹಾರಬೇಕಾದ ನಮಗೆ ಒಳಗೆ ಬಿಡುವುದಿಲ್ಲ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಪರೀಕ್ಷೆ ನನಗೆ, ಪ್ರಶ್ನೆಪತ್ರಿಕೆ ಮೊದಲೇ ನೋಡುವುದು ಅವಳು. ನೋಡಿಬಂದು ನನಗೆ ಹೇಳುತ್ತಾಳಾ ಅಂದರೆ ಅದೂ ಇಲ್ಲ.

ನಾನು ಹಗ್ಗದ ಆಚೆ ನಿಂತು ನೋಡುತ್ತಿದ್ದೆ. ಲೆಕ್ಕ ಹೀಗೆ: ಮನುಷ್ಯರ ನಾಲ್ಕು ದೊಡ್ಡ ಹೆಜ್ಜೆ ಅಂದರೆ ಓಡುವ ಕುದುರೆಯ ಒಂದು ಸ್ಟ್ರೈಡ್, ಸುಮಾರು 3.6 ಮೀಟರ್. ಹಾರಿ ಇಳಿಯಲು ಎರಡು ಹೆಜ್ಜೆ, ಮುಂದಿನದಕ್ಕೆ ಮೇಲೇಳಲು ಎರಡು ಹೆಜ್ಜೆ ಕಳೆಯಬೇಕು. ಉಳಿದದ್ದನ್ನು ನಾಲ್ಕರಿಂದ ಭಾಗಿಸಬೇಕು. ಮೂರನೇ ಬೇಲಿಗೂ ನಾಲ್ಕನೆಯದಕ್ಕೂ ನಡುವೆ ಹುಡುಗಿಗೆ ಇಪ್ಪತ್ತಾರು ಹೆಜ್ಜೆ ಬಂತು. ಸಾಹೇಬರಿಗೆ ಇಪ್ಪತ್ತೇಳು. ಅಂದರೆ ಸುಮಾರು 24 ಮೀಟರ್. ಭಾಗಿಸಿದರೆ ಐದೂವರೆ ಚಿಲ್ಲರೆ. ಐದು ಸ್ಟ್ರೈಡಿಗೆ ಜಾಗ ಹೆಚ್ಚು, ಆರಕ್ಕೆ ಕಮ್ಮಿ. ಕೋರ್ಸ್ ಹಾಕಿದ ಪುಣ್ಯಾತ್ಮ ಬೇಕಂತಲೇ ಹಾಗೆ ಇಟ್ಟಿರುತ್ತಾನೆ. ಜಗಳ ಹಚ್ಚುವುದೇ ಅವನ ಕೆಲಸ.

"ಆರು. ಹಿಡಿದು ತಗೋ" ಅಂದರು ಸಾಹೇಬರು.

"ಸರ್, ಗುಂಡನ ಸ್ಟ್ರೈಡ್ ದೊಡ್ಡದು. ಐದು ಬರಲ್ವಾ?"

"ಬೇಡಮ್ಮ. ಆರು."

ಹಗ್ಗದ ಹೊರಗಿಂದ ಅಪ್ಪ ಕೇಳಿದರು, "ಸರ್, ಐದೂವರೆ ಹಾಕಿದ್ರೆ ಹೇಗೆ?"

ಸಾಹೇಬರು ಉತ್ತರ ಕೊಡಲಿಲ್ಲ. ಟೋಪಿ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಇದೆಲ್ಲದರ ನಡುವೆ ಕಾಲು ಯಾರದು ಅಂತ ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ.

ವಾರ್ಮ್‌ಅಪ್ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಬೇಲಿ, ಹದಿನೈದು ಕುದುರೆ, ಎಲ್ಲರಿಗೂ ಅದೇ ಬೇಲಿ ಈಗಲೇ ಬೇಕು. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ ಇರುವ ಹಾಗೆ ಹಾರಬೇಕು ಅಂತ ನಿಯಮ. ಒಬ್ಬ ಹುಡುಗ ತಿರುಗುಮುರುಗಾಗಿ ಬಂದ. ಅವನ ಕೋಚು, ನಮ್ಮ ಸಾಹೇಬರು, ಇನ್ನೊಬ್ಬರ ಅಮ್ಮ ಎಲ್ಲ ಒಟ್ಟಿಗೆ ಕೂಗಿದರು. ಒಂದು ಹೆಣ್ಣು ಕುದುರೆ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿಕೊಂಡಿತ್ತು. ಒದೆಯುತ್ತಾಳೆ, ದೂರ ಇರಿ ಅಂತ ಅದರ ಅರ್ಥ. ನಮಗೆ ಕೆಂಪು ಕಾಣುವುದಿಲ್ಲ ಅನ್ನುವುದು ಬೇರೆ ಮಾತು. ಒದೆ ತಿಂದ ಮೇಲೆ ತಿಳಿಯಿತು.

ಕಣ್ಣಿನ ವಿಷಯ ಬಂತಲ್ಲ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ನಿಂತಲ್ಲೇ ಸುತ್ತ 350 ಡಿಗ್ರಿಯ ಹತ್ತಿರ ಕಾಣುತ್ತದೆ. ಹಿಂದಿನ ಬೆಂಚಿನಲ್ಲಿ ಯಾರು ಕಡ್ಲೆಕಾಯಿ ತಿನ್ನುತ್ತಿದ್ದಾರೆ ಅಂತ ಮುಂದೆ ನೋಡಿಕೊಂಡೇ ಹೇಳಬಲ್ಲೆ. ಕಾಣದ ಜಾಗ ಎರಡೇ. ಒಂದು ಬಾಲದ ನೇರ ಹಿಂದೆ. ಇನ್ನೊಂದು ಹಣೆಯ ನೇರ ಮುಂದೆ. ಅಂದರೆ ಬೇಲಿ ತೀರಾ ಹತ್ತಿರ ಬಂದಾಗ, ಮೇಲೇಳುವ ಹೊತ್ತಿಗೆ ಸರಿಯಾಗಿ, ಬೇಲಿ ಮಾಯ! ಒಂದು ಕ್ಷಣ ಹಿಂದೆ ಅದು ಎಲ್ಲಿತ್ತು, ಎಷ್ಟೆತ್ತರ ಇತ್ತು ಅನ್ನುವ ನೆನಪಿನ ಮೇಲೆ ಹಾರುತ್ತೇವೆ. ನೀವು ಒಮ್ಮೆ ಕಣ್ಣು ಮುಚ್ಚಿಕೊಂಡು ನಿಮ್ಮ ಮನೆ ಹೊಸ್ತಿಲು ದಾಟಿ ನೋಡಿ, ಆಮೇಲೆ ನನ್ನ ಕೋಲಿನ ಬಗ್ಗೆ ಮಾತಾಡಿ.

ಬಣ್ಣದ ಕತೆಯೂ ಅಷ್ಟೆ. ನಮಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ. ಕೆಂಪು, ಕಿತ್ತಳೆ, ಹಸಿರು ಎಲ್ಲ ಒಂದೇ ಮಾಸಲು ಬಣ್ಣ. ಬ್ರಿಟನ್ನಿನಲ್ಲಿ ಬೇಲಿ ಹಾರುವ ರೇಸುಗಳಲ್ಲಿ ಬೇಲಿಯ ಗುರುತಿಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದರು. ಮನುಷ್ಯರ ಕಣ್ಣಿಗೆ ಎದ್ದು ಕಾಣುವ ಬಣ್ಣ. ಕೊನೆಗೆ ಎಕ್ಸೆಟರ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ, ಸ್ವಾಮೀ, ಇದು ಕುದುರೆಗೆ ಎದ್ದು ಕಾಣುವುದೇ ಇಲ್ಲ ಅಂದರು. 2022ರಿಂದ ಬಿಳಿ ಬಳಿಯಲು ಶುರು ಮಾಡಿದರು. ಇಷ್ಟು ವರ್ಷ ಆ ಕುದುರೆಗಳು ಹಾರಿದ್ದು ಬರೀ ಧೈರ್ಯದ ಮೇಲೆ. ನಮ್ಮ ಮೈದಾನದಲ್ಲಿ ಎರಡನೇ ಬೇಲಿಗೆ ಕೆಂಪು-ಹಸಿರು ಕೋಲು ಹಾಕಿದ್ದರು, ಹಿಂದೆ ಹಸಿರು ಹುಲ್ಲು. ಬಹಳ ಚಂದ ಕಾಣಿಸುತ್ತಿತ್ತಂತೆ. ಹುಡುಗಿಯ ಅಮ್ಮ ಫೋಟೋ ತೆಗೆದುಕೊಂಡರು.

ನಮ್ಮ ಸರದಿ ಬಂತು. ಧ್ವನಿವರ್ಧಕದಲ್ಲಿ ನನ್ನ ಗುಡುಗು-ಮಿಂಚಿನ ಹೆಸರು ಕೂಗಿದರು. ಯಾರಪ್ಪಾ ಅದು ಅಂತ ನಾನೂ ಸುತ್ತ ನೋಡಿದೆ. ಹುಡುಗಿ ಜಡ್ಜ್‌ಗಳಿಗೆ ತಲೆ ಬಾಗಿಸಿದಳು. ಬೆಲ್ ಆಯಿತು. ಬೆಲ್ ಆದ ಮೇಲೆ 45 ಸೆಕೆಂಡಿನೊಳಗೆ ಶುರು ಮಾಡಬೇಕು. ಅವಳ ಎದೆ ಬಡಿತ ಜೀನಿನ ಮೂಲಕ ನನ್ನ ಬೆನ್ನಿಗೆ ಕೇಳಿಸುತ್ತಿತ್ತು. ಮಂಡಿ ಬಿಗಿಯಾಗಿತ್ತು, ಲಗಾಮು ಹಿಡಿದ ಕೈ ತಣ್ಣಗಿತ್ತು. "ಗುಂಡಾ, ಪ್ಲೀಸ್ ಕಣೋ" ಅಂದಳು. ಹೀಗೆ ಕೇಳಿಕೊಂಡರೆ ನನಗೂ ಇಲ್ಲ ಅನ್ನಲಾಗುವುದಿಲ್ಲ. ಪಕ್ಕದಲ್ಲಿ ಅಷ್ಟು ಜಾಗ ಇದ್ದರೂ ಮೊದಲ ಬೇಲಿ ಹಾರಿಯೇಬಿಟ್ಟೆ. ಎರಡನೆಯದೂ ಆಯಿತು, ನೆನಪಿನ ಮೇಲೆ.

ಮೂರು ಹಾರಿ ಇಳಿದೆ. ಈಗ ಬಂತು ಇಪ್ಪತ್ತನಾಲ್ಕು ಮೀಟರ್. ನನ್ನ ಲೆಕ್ಕ ಐದು. ಕಿವಿ ಮುಂದೆ ಮಾಡಿ ಕಾಲು ಬೀಸಿದೆ. ಒಂದು, ಎರಡು, ಮೂರು, ಎಲ್ಲ ಸರಿಯಾಗಿತ್ತು. ನಾಲ್ಕರಲ್ಲಿ ಅವಳಿಗೆ ಸಾಹೇಬರು ಹೇಳಿದ್ದು ನೆನಪಾಯಿತು. ಲಗಾಮು ಎಳೆದಳು. ಹಗ್ಗ ಜಗ್ಗಾಟದಲ್ಲಿ ಐದೂ ಆಗಲಿಲ್ಲ, ಆರೂ ಆಗಲಿಲ್ಲ. ಅಪ್ಪ ಹೇಳಿದ ಐದೂವರೆಯೇ ಆಯಿತು! ಬೇಲಿಯ ಬುಡದಿಂದ ನಿಂತ ನಿಲುವಿನಲ್ಲಿ ಮೇಲೆದ್ದೆ. ಹೊಟ್ಟೆಯ ಕೆಳಗೆ ಕೋಲು ಠಕ್ ಅಂತು. ಕೋಲನ್ನು ಕಟ್ಟಿರುವುದಿಲ್ಲ, ಎರಡು ಕಡೆ ಆಳವಿಲ್ಲದ ಕಬ್ಬಿಣದ ತಟ್ಟೆಯಲ್ಲಿ ಸುಮ್ನೆ ಇಟ್ಟಿರುತ್ತಾರೆ. ಅದು ತಟ್ಟೆಯೊಳಗೆ ಅತ್ತ ಹೊರಳಿತು, ಇತ್ತ ಹೊರಳಿತು. ಇಡೀ ಮೈದಾನ ಉಸಿರು ಹಿಡಿಯಿತು. ಕೋಲು ಯೋಚನೆ ಮಾಡಿ ಅಲ್ಲೇ ಕೂತಿತು. ಹಗ್ಗದ ಆಚೆ ಅಪ್ಪ ನನ್ನ ಜೊತೆ ತಾವೂ ಒಂದು ಕಾಲು ಎತ್ತಿದ್ದರು. ಇಳಿಸಿದರು. ಆ ಕಾಲಿನ ಕೆಳಗೆ ಯಾರದೋ ಕಾಫಿ ಲೋಟ ಇತ್ತು.

ಐದನೆಯದು ಗೋಡೆ. ನಿಜವಾದ ಗೋಡೆಯಲ್ಲ, ಮರದ ಪೆಟ್ಟಿಗೆಗಳಿಗೆ ಇಟ್ಟಿಗೆ ಬಣ್ಣ ಬಳಿದದ್ದು. ಗೋಡೆಯ ಬಗ್ಗೆ ನನ್ನ ತಕರಾರಿಲ್ಲ. ಅದರ ಬುಡದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕವರ್ ಬಿದ್ದಿತ್ತು. ಬೆಳಗಿನ ಇಡ್ಲಿ ಪಾರ್ಸೆಲ್ಲಿನದು. ದೂರದಿಂದ ನೋಡಿದಾಗ ಸತ್ತಂತೆ ಬಿದ್ದಿತ್ತು. ನಾನು ಮೂರು ಸ್ಟ್ರೈಡ್ ದೂರ ಇರುವಾಗ ಗಾಳಿ ಬೀಸಿತು. ಕವರ್ ಉಬ್ಬಿತು. ಚರಚರ ಅಂತು. ಎದ್ದು ಕೂತಿತು.

ನಮ್ಮ ಪೂರ್ವಿಕರು ಬಯಲಿನಲ್ಲಿ ಮೇಯುತ್ತಿದ್ದಾಗ ಪೊದೆಯಲ್ಲಿ ಚರಚರ ಸದ್ದಾದರೆ ಓಡುತ್ತಿದ್ದರು. ಏನದು ಅಂತ ಬಗ್ಗಿ ನೋಡಿದವರ ವಂಶ ಅಲ್ಲಿಗೇ ಮುಗಿಯಿತು. ನಾನು ಓಡಿದವರ ವಂಶದವನು. ನಾಲ್ಕೂ ಕಾಲು ಊರಿ ನಿಂತೆ. ಮರಳು ಎದ್ದಿತು. ಹುಡುಗಿ ಮಾತ್ರ ನಿಲ್ಲಲಿಲ್ಲ, ನನ್ನ ಕುತ್ತಿಗೆಯ ಮೇಲೆ ಜಾರಿಕೊಂಡು ಬಂದು ಎರಡು ಕಿವಿಗಳ ಹಿಂದೆ ನಿಂತಳು. ಹೆಲ್ಮೆಟ್ ಕಣ್ಣಿನ ಮೇಲೆ, ಒಂದು ಕಾಲು ರಿಕಾಪಿನಿಂದ ಆಚೆ. ಅವಳು ಬಿದ್ದರೆ ಅಲ್ಲಿಗೇ ಆಟ ಮುಗಿಯುತ್ತಿತ್ತು. ನಾನು ತಲೆ ಎತ್ತಿ ಅವಳನ್ನು ಮೆಲ್ಲಗೆ ಹಿಂದಕ್ಕೆ ಜಾರಿಸಿದೆ. ಈ ಉಪಕಾರ ಯಾವ ಹಾಳೆಯಲ್ಲೂ ದಾಖಲಾಗಲಿಲ್ಲ. ದಾಖಲಾಗಿದ್ದು ನಾಲ್ಕು ಫಾಲ್ಟ್.

ನಿಂತಿದ್ದಕ್ಕೆ ನನ್ನನ್ನು ಹೇಡಿ ಅನ್ನುವವರು ಟೋಕಿಯೊ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಲಿ. 2021ರ ಆಗಸ್ಟ್. ಹತ್ತನೇ ಬೇಲಿಯ ಪಕ್ಕ ಸುಮೋ ಪೈಲ್ವಾನನ ಒಂದು ದೊಡ್ಡ ಬೊಂಬೆ ನಿಲ್ಲಿಸಿದ್ದರು. ಅವನು ಬಗ್ಗಿ, ಕುಸ್ತಿಗೆ ತಯಾರಾಗಿ, ಬರುವ ಕುದುರೆಗಳ ಕಡೆ ಬೆನ್ನು ಮಾಡಿಕೊಂಡಿದ್ದ. ಬೆನ್ನು ಅಂದರೆ ಬೆನ್ನಲ್ಲ, ಅದಕ್ಕಿಂತ ಸ್ವಲ್ಪ ಕೆಳಗಿನದು. ಸುಮೋದವರ ಬಟ್ಟೆ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತಲ್ಲ. ತಿರುವಿನಲ್ಲಿ ತಿರುಗಿದ ತಕ್ಷಣ ಕುದುರೆಗೆ ಕಾಣುವುದು ಅದೇ. ಲೋಕದ ದೊಡ್ಡ ದೊಡ್ಡ ಕುದುರೆಗಳೇ ಬೆಚ್ಚಿದವು ಅಂತ ಸವಾರರೇ ಹೇಳಿದರು. ಫ್ರಾನ್ಸಿನ ಜಪ್ಪೆಲೂ ಅನ್ನುವ ಕುದುರೆ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಬೇಲಿಯ ಮುಂದೆ ನಿಂತು, ಸವಾರನನ್ನು ಕೆಳಗೆ ಇಳಿಸಿತು. ಅದೇ ಕುದುರೆ, ಅದೇ ಸವಾರ, 1988ರ ಸೋಲ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದರು. ಸಾಹೇಬರು ಹುವಾಸೊ ಕತೆ ಹೇಳುವಾಗ ಇದನ್ನು ಯಾಕೆ ಹೇಳುವುದಿಲ್ಲ?

ಯಾರೋ ಓಡಿಬಂದು ಕವರ್ ಎತ್ತಿಕೊಂಡು ಹೋದರು. ಎರಡನೇ ಸಲ ಗೋಡೆಯನ್ನು ಹಾರಿದೆ. ಹಾರಿದ ರೀತಿಗೆ ಅಮ್ಮ ಕಣ್ಣು ಮುಚ್ಚಿಕೊಂಡರು. ಕವರ್ ವಾಪಸ್ ಬಂದಿದ್ದರೂ ಮುಟ್ಟಬಾರದು ಅಂತ ಒಂದು ಮೀಟರ್ ಬೇಲಿಗೆ ಒಂದೂವರೆ ಮೀಟರ್ ಎದ್ದಿದ್ದೆ. ಮೇಲೆ ಹೋದಾಗ ಹುಡುಗಿ ನನಗಿಂತ ಇನ್ನೂ ಸ್ವಲ್ಪ ಮೇಲಿದ್ದಳು. ಇಳಿಯುವಾಗ ಇಬ್ಬರೂ ಸಿಕ್ಕೆವು.

ಆಮೇಲಿನದು ಸಲೀಸಾಗಿ ಹೋಯಿತು. ನೀರಿನ ತಟ್ಟೆ ಇಟ್ಟ ಬೇಲಿಯಲ್ಲಿ ಒಂದು ಕುದುರೆ ಕೆಳಗಿನಿಂದ ನನ್ನನ್ನೇ ದುರುಗುಟ್ಟಿ ನೋಡಿತು. ಜಡೆ ಸ್ವಲ್ಪ ಬಿಚ್ಚಿತ್ತು ಪಾಪ. ಮೈದಾನದೊಳಗೆ ಒಂದು ಬೀದಿನಾಯಿ ಬಂತು. ನಮಗಿಂತ ಮುಂದೆ ಓಡಿ, ಎಂಟನೇ ಬೇಲಿಯ ಕೆಳಗಿನಿಂದ ನುಸುಳಿ ಆಚೆ ಹೋಯಿತು. ಜನ ಚಪ್ಪಾಳೆ ಹೊಡೆದರು. ನೋಡಿ, ಹಾರದೆ ದಾಟಿದವನಿಗೆ ಚಪ್ಪಾಳೆ.

ಕೊನೆಯ ಬೇಲಿ. ಹುಡುಗಿ ಇನ್ನೇನು ಮುಗಿಯಿತು ಅಂತ ಮೈ ಸಡಿಲ ಬಿಟ್ಟಳು. ನಾನೂ ಬಾಗಿಲ ಕಡೆ ನೋಡಿದೆ. ಅಲ್ಲಿ ಸೈಸ್ ಕ್ಯಾರೆಟ್ ಹಿಡಿದು ನಿಂತಿದ್ದ. ಹಿಂದಿನ ಕಾಲಿನ ಗೊರಸು ಕೋಲಿಗೆ ಸವರಿತಂತೆ. ಸವರಿತು ಅಷ್ಟೇ, ನನಗೆ ತಿಳಿಯಲೂ ಇಲ್ಲ. ನಾಲ್ಕನೇ ಬೇಲಿಯಲ್ಲಿ ಅಷ್ಟು ಜೋರಾಗಿ ಬಡಿದರೂ ಬೀಳದ ಕೋಲು, ಇಲ್ಲಿ ಧಡ್ ಅಂತ ಬಿತ್ತು. ಇನ್ನೊಂದು ನಾಲ್ಕು. ಒಟ್ಟು ಎಂಟು, ಜೊತೆಗೆ ತಡವಾಗಿದ್ದಕ್ಕೆ ಚಿಲ್ಲರೆ. ಕ್ಯಾರೆಟ್ ಮಾತ್ರ ಪೂರ್ತಿ ಸಿಕ್ಕಿತು.

ಹೊರಗೆ ಬಂದ ಮೇಲೆ ಚರ್ಚೆ. ಅಪ್ಪ ವಿಡಿಯೊ ತೋರಿಸಿದರು. ಸಾಹೇಬರು "ಆರು ಅಂದೆನಲ್ಲ" ಅಂದರು. ಹುಡುಗಿ "ಸಾರಿ ಸರ್" ಅಂದಳು. ಅಮ್ಮ ನನ್ನ ಹಣೆಗೆ ಕುಂಕುಮ ಹಚ್ಚಿ, "ಬೀಳಿಸಲಿಲ್ಲವಲ್ಲ, ನೀನೇ ದೇವರು ಕಣಪ್ಪಾ" ಅಂದರು. ಆ ಇಡೀ ಗುಂಪಿನಲ್ಲಿ ಆಟವನ್ನು ಸರಿಯಾಗಿ ಅರ್ಥಮಾಡಿಕೊಂಡವರು ಅವರೊಬ್ಬರೇ.

ಗೆದ್ದದ್ದು ಬತ್ತಾಸು. ನನ್ನ ಹೊಟ್ಟೆಯ ಕೆಳಗೆ ತೂರಿಹೋಗುವಷ್ಟು ಗಿಡ್ಡದ ಬಿಳಿ ಪೋನಿ. ಎಲ್ಲ ಬೇಲಿಯನ್ನೂ ಟುಪು ಟುಪು ಅಂತ ಹಾರಿ ಮುಗಿಸಿತು. ಸಾಹೇಬರಿಗೆ ಕೂಡಲೇ ಇನ್ನೊಂದು ಕತೆ ನೆನಪಾಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಸ್ಟ್ರೋಲರ್ ಅನ್ನುವ ಪೋನಿ ದೊಡ್ಡ ಕುದುರೆಗಳ ಮಧ್ಯೆ ಬೆಳ್ಳಿ ಗೆದ್ದ ಕತೆ. ಇಷ್ಟು ದಿನ ಹುವಾಸೊ ಒಬ್ಬನೇ ಇದ್ದ. ಇನ್ನು ಮೇಲೆ ಇಬ್ಬರು.

ಮಕ್ಕಳ ಬಾಯಲ್ಲಂತೂ ಅವತ್ತೆಲ್ಲ ಫವಾದ್ ಮಿರ್ಜಾ ಹೆಸರೇ. ಬೆಂಗಳೂರಿನವರು. 2018ರ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ ಈವೆಂಟಿಂಗ್ ಅನ್ನುವ ಕುದುರೆ ಸವಾರಿ ಸ್ಪರ್ಧೆಯಲ್ಲಿ ತಮಗೊಂದು, ತಂಡಕ್ಕೊಂದು ಬೆಳ್ಳಿ ತಂದವರು. ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನ. ಒಬ್ಬ ಹುಡುಗನಿಗೆ ಇದೆಲ್ಲ ಬಾಯಿಪಾಠ. ಜಕಾರ್ತದಲ್ಲಿ ಕುದುರೆ ಯಾವುದು ಅಂತ ತಂಗಿ ಕೇಳಿದಳು. "ಯಾವುದೋ ಕಂದು ಬಣ್ಣದ್ದು" ಅಂದ. ಸೆನ್ಯೋರ್ ಮೆಡಿಕಾಟ್ ಅಂತ ಹೆಸರು ಕಣೋ. ಬೇಲಿ ಹಾರಿದ್ದು ಅವನು. ನಾನು ಕೆನೆದು ಹೇಳಿದೆ, ಹಸಿವಾಗಿರಬೇಕು ಅಂತ ಸೈಸ್ ಹುಲ್ಲು ಹಾಕಿದ. ಬೇಡ ಅನ್ನಲಿಲ್ಲ.

ಸಂಜೆ ಬಹುಮಾನ ಹಂಚುವ ಕಾರ್ಯಕ್ರಮ. ನಮಗಿಂತ ಜಾಸ್ತಿ ಸಲ ನಿಂತವರೂ, ಕೆಳಗೆ ಬಿದ್ದವರೂ ಬೇಕಾದಷ್ಟು ಜನ ಇದ್ದಿದ್ದರಿಂದ ನಮಗೆ ಆರನೇ ಸ್ಥಾನ ಬಂತು. ಆರನೇ ಸ್ಥಾನದವರೆಗೂ ರಿಬ್ಬನ್ ಇತ್ತು. ಮುಖ್ಯ ಅತಿಥಿಗಳಿಗೆ ಮೊದಲು ಸನ್ಮಾನ. ಮೈಸೂರು ಪೇಟ, ಶಾಲು, ಹಾರ, ಕೈಗೊಂದು ಹಣ್ಣಿನ ಬುಟ್ಟಿ. ಬುಟ್ಟಿಗೆ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಗುಲಾಬಿ ಟೇಪು ಕಟ್ಟಿದ್ದರು. ಅತಿಥಿಗಳಿಗೆ ಕುದುರೆ ಅಂದರೆ ಸ್ವಲ್ಪ ಭಯ. ಬುಟ್ಟಿಯನ್ನು ಎದೆಗೆ ಅವುಚಿಕೊಂಡೇ, ಆದಷ್ಟು ದೂರದಿಂದ ಕೈ ಚಾಚಿ, ನನ್ನ ಕಡಿವಾಣಕ್ಕೆ ರಿಬ್ಬನ್ ಸಿಕ್ಕಿಸಲು ನೋಡಿದರು. ಆ ಕೈ ನನಗೆ ಕಾಣಲಿಲ್ಲ, ಹಣೆಯ ನೇರ ಮುಂದಿತ್ತು. ಬುಟ್ಟಿ ಪಕ್ಕದಲ್ಲಿತ್ತು. ಸ್ಪಷ್ಟವಾಗಿ ಕಾಣಿಸಿತು.

ಕತ್ತು ಸ್ವಲ್ಪ ಹೊರಳಿಸಿದೆ. ಪ್ಲಾಸ್ಟಿಕ್ ಚರಚರ ಅಂತು. ನಾನು ಮೂತಿ ಇನ್ನೂ ಒಳಗೆ ತೂರಿಸಿದೆ. ಹಾಳೆ ಹರಿಯಿತು. ಅತಿಥಿಗಳು "ಅಯ್ಯಯ್ಯೋ" ಅಂದರು, ಪೇಟ ಕಿವಿಯ ಮೇಲೆ ಇಳಿಯಿತು, ಅಪ್ಪ ಅದೇ ಹೊತ್ತಿಗೆ ಫೋಟೋ ಹೊಡೆದರು. ಸೈಸ್ ಓಡಿಬಂದು ನನ್ನ ಬಾಯಿಂದ ಪ್ಲಾಸ್ಟಿಕ್ ಚೂರನ್ನು ಎಳೆದು ತೆಗೆದ.

ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಾ ನಿಂತರು. "ಏನಮ್ಮಾ, ಇವನು ಪ್ಲಾಸ್ಟಿಕ್‌ಗೆ ಹೆದರಿ ನಿಂತ ಅಂದ್ಯಲ್ಲ?"

ಹುಡುಗಿ ಏನೂ ಹೇಳಲಾಗದೆ ನನ್ನ ಮುಖ ನೋಡಿದಳು. ಅದು ಬೇರೆ ಪ್ಲಾಸ್ಟಿಕ್, ಇದರೊಳಗೆ ಸೇಬು ಇತ್ತು. ಹೇಳೋಣ ಅಂದರೆ ಬಾಯಿ ತುಂಬಿತ್ತು.